ಮುಳ್ಳಯ್ಯನಗಿರಿಯಲ್ಲಿ ಬೆಳಕಿಗಾಗಿ ಕಾಯುವುದು

ಚಿಕ್ಕಮಗಳೂರಿಗೆ ಹೋಗಿ ಬಂದ ಯಾರ ಮೊಬೈಲ್ ತೆಗೆದು ನೋಡಿದರೂ ಒಂದೇ ಥರದ ಫೋಟೊ ಇರುತ್ತೆ. ನೀಲಿ ಆಕಾಶ, ಹಸಿರು ಗುಡ್ಡ, ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತ ನಾಲ್ಕು ಜನ. ‘ಕಣ್ಣಿಗೆ ಕಂಡಷ್ಟು ಚೆನ್ನಾಗಿ ಫೋಟೊದಲ್ಲಿ ಬರಲೇ ಇಲ್ಲ’ ಅನ್ನೋ ಬೇಜಾರು ಬೇರೆ. ಮೊಬೈಲ್ ಬದಲಾಯಿಸಬೇಕಿಲ್ಲ, ಬೆಟ್ಟಕ್ಕೆ ಹೋಗುವ ಹೊತ್ತು ಬದಲಾಯಿಸಿದರೆ ಸಾಕು.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಮ್ಮ ರಾಜ್ಯದ ಅತಿ ಎತ್ತರದ ಶಿಖರ. ಬೆಂಗಳೂರಿಗೆ ಕೆಲಸಕ್ಕೆ ಸೇರಿದ ಮೇಲೆ ವರ್ಷಕ್ಕೆ ಎರಡು ಸಲವಾದರೂ ಅಲ್ಲಿಗೆ ಹೋಗ್ತೀನಿ. ಚಂದ್ರದ್ರೋಣ ಬೆಟ್ಟಸಾಲು ಇಲ್ಲಿ ಕುದುರೆ ಲಾಳದ ಹಾಗೆ ಬಾಗಿದೆ. ಪೂರ್ವಕ್ಕೆ ನೋಡಿದರೆ ಬಯಲುಸೀಮೆ, ಪಶ್ಚಿಮಕ್ಕೆ ಕಾಫಿ ತೋಟಗಳ ಜಾಗರ ಕಣಿವೆ. ನೆತ್ತಿಯ ಮೇಲೆ ಮರಗಳಿಲ್ಲ, ಬರೀ ಹುಲ್ಲು. ಶೋಲಾ ಕಾಡು ಕೆಳಗಿನ ಕೊರಕಲುಗಳಲ್ಲಿ ಅವಿತುಕೊಂಡಿದೆ. ಹಾಗಾಗಿ ಓರೆ ಬಿಸಿಲು ಬಿದ್ದರೆ ಸಾಕು, ಗುಡ್ಡದ ಒಂದೊಂದು ಮಡಿಕೆಯೂ ಸೀರೆಯ ನೆರಿಗೆಯಂತೆ ಎದ್ದು ಕಾಣುತ್ತೆ.

ಗುಟ್ಟಿರೋದು ಈ ಓರೆ ಬಿಸಿಲಿನಲ್ಲೇ. ಸೂರ್ಯ ನಡುನೆತ್ತಿಯಲ್ಲಿದ್ದಾಗ ನೆರಳು ಕಮ್ಮಿ, ಗುಡ್ಡ ಚಪ್ಪಟೆಯಾಗಿ ಕಾಣುತ್ತೆ. ಬೆಳಗ್ಗೆ ಬಯಲಿನ ಕಡೆಯಿಂದ ಸೂರ್ಯ ಏಳುವಾಗ ಎಲ್ಲರೂ ಪೂರ್ವಕ್ಕೆ ಮೊಬೈಲ್ ಹಿಡೀತಾರೆ. ನೀವು ಉತ್ತರಕ್ಕೆ, ಬಾಬಾ ಬುಡನ್‌ಗಿರಿ ಕಡೆಗೆ ತಿರುಗಿ ನೋಡಿ. ಬಲಗಡೆಯಿಂದ ಬಂದ ಬೆಳಕು ಗುಡ್ಡಗಳ ಒಂದು ಮೈಗೆ ಬಂಗಾರ ಬಳಿದು, ಇನ್ನೊಂದು ಮೈಯನ್ನು ಕತ್ತಲಲ್ಲೇ ಬಿಟ್ಟಿರುತ್ತೆ. ಸೂರ್ಯ ಕೆಳಗಿದ್ದಾಗ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ದಾರಿಯಲ್ಲಿ ನೀಲಿ ಚದುರಿಹೋಗಿ ಕೆಂಪು, ಹಳದಿ ಉಳಿಯುತ್ತೆ. ಆ ಬಂಗಾರ ಬರೋದು ಹಾಗೆ.

ಚಳಿಗಾಲದ ಬೆಳಗಿಗೆ ಬೇರೆಯದೇ ಸೊಗಸು. ರಾತ್ರಿ ತಣ್ಣಗಾದ ಗಾಳಿ ಕಣಿವೆಗೆ ಇಳಿದು ಮಂಜಾಗಿ ಅಲ್ಲೇ ನಿಂತಿರುತ್ತೆ, ಅದರ ಮೇಲೆ ಗುಡ್ಡದ ತುದಿಗಳು ದ್ವೀಪಗಳ ಹಾಗೆ ತೇಲುತ್ತವೆ. ಆದರೆ ನನ್ನನ್ನು ಕೇಳಿದರೆ, ಮಳೆ ಹೊಳವಾಗುವ ಗಳಿಗೆಯ ಬೆಳಕಿಗೆ ಸಾಟಿಯಿಲ್ಲ. ಮೋಡ ಒಂದು ಕಡೆ ಹರಿದು, ಕಪ್ಪು ಆಕಾಶದ ಎದುರು ಒಂದೇ ಒಂದು ಗುಡ್ಡ ದೀಪ ಹಚ್ಚಿದ ಹಾಗೆ ಬೆಳಗುತ್ತೆ. ಎರಡು ನಿಮಿಷ ಅಷ್ಟೇ. ಸಂಜೆಯಾದರೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ, ಕಾಮನಬಿಲ್ಲು ಮೂಡಿದರೆ ಆ ಕಡೆಗೇ ಮೂಡೋದು.

ಮೊಬೈಲ್‌ನಲ್ಲಿ ಮಾಡಬೇಕಾದ್ದು ಸ್ವಲ್ಪವೇ. ಮೊದಲು ಲೆನ್ಸ್ ಒರೆಸಿ. ಪರದೆಯಲ್ಲಿ ಅತಿ ಹೆಚ್ಚು ಬೆಳಗುತ್ತಿರುವ ಭಾಗವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಇಳಿಸಿ. ಇಲ್ಲದಿದ್ದರೆ ಮೊಬೈಲ್ ತಾನೇ ಜಾಣತನ ತೋರಿಸಿ ನೆರಳನ್ನೆಲ್ಲ ಬೆಳಗಿಸಿ, ಇರುವ ನಾಟಕವನ್ನೇ ಕೊಂದುಬಿಡುತ್ತೆ. ಟೆಲಿ ಲೆನ್ಸ್ ಇದ್ದರೆ ಅದನ್ನೇ ಬಳಸಿ, ದೂರದ ಸಾಲುಗಳು ಒಂದರ ಹಿಂದೊಂದು ಒತ್ತಾಗಿ ಬರುತ್ತವೆ. ನಸುಕಿನಲ್ಲಾದರೆ ಮೊಬೈಲನ್ನು ಕಲ್ಲಿಗೆ ಒರಗಿಸಿ ಟೈಮರ್ ಹಾಕಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳಲೇಬೇಕು. ಈ ಬೆಳಕಿನ ಜೊತೆಗೇ ಸಿಡಿಲೂ ಬರುತ್ತೆ.

ಕೃತ್ತಿಕೆ ಮಳೆಯ ದಿನಗಳಲ್ಲಿ ಒಂದು ಸಂಜೆ ನಾನೂ ಆಫೀಸಿನ ಗೆಳೆಯನೂ ಮೇಲಿದ್ದೆವು. ಬಯಲಿನ ಕಡೆ ಇದ್ದಿಲಿನ ಬಣ್ಣದ ಮೋಡ, ಹಿಂದಿನಿಂದ ಜಾಗರ ಕಣಿವೆ ದಾಟಿ ಬಂದ ಬಿಸಿಲು. ಹುಲ್ಲು ಹೊತ್ತಿಕೊಂಡ ಹಾಗೆ ಹೊಳೀತಿತ್ತು. ಮೋಡದೊಳಗೆ ಮಿಂಚಿತು. ಎಣಿಸಿದೆ, ಹನ್ನೆರಡಕ್ಕೆ ಗುಡುಗು ಕೇಳಿಸ್ತು. ಅಂದರೆ ಸಿಡಿಲು ನಾಲ್ಕೇ ಕಿಲೊಮೀಟರ್ ದೂರ.

‘ಇನ್ನೈದು ನಿಮಿಷ ಕಣೋ, ಇಂಥ ಲೈಟ್ ಮತ್ತೆ ಸಿಗಲ್ಲ’ ಅಂದ. ಸಿಗಲ್ಲ ಅನ್ನೋದು ನನಗೂ ಗೊತ್ತಿತ್ತು. ಪಕ್ಕದಲ್ಲಿ ಬುಟ್ಟಿ ಕಟ್ಟುತ್ತಿದ್ದ ಚುರುಮುರಿ ಅಜ್ಜ ತಲೆ ಎತ್ತದೇ, ‘ಫೋಟೊ ನಾಳೆ ತಗೋಬೋದು, ಇಳೀರಪ್ಪ’ ಅಂದರು. ಅವರು ಇಳಿದರು, ಅವರ ಹಿಂದೆ ನಾನೂ ಹೊರಟೆ. ಗೆಳೆಯ ಗೊಣಗುತ್ತಲೇ ಬಂದ. ಕಾರಿನ ಬಾಗಿಲು ಹಾಕಿದ್ದೇ ತಡ, ದಪ್ಪ ಹನಿ ಶುರುವಾಯ್ತು. ಸ್ವಲ್ಪ ಹೊತ್ತಿಗೆ ನಾವು ನಿಂತಿದ್ದ ನೆತ್ತಿಯ ಕಡೆ ಕಣ್ಣು ಕೋರೈಸುವ ಮಿಂಚು, ಜೊತೆಗೇ ಸದ್ದು. ಊರು ತಲುಪುವವರೆಗೂ ಅವನು ಮಾತಾಡಲಿಲ್ಲ. ಕಾರಿನ ಗಾಜಿನೊಳಗಿಂದ, ಹನಿಗಳ ನಡುವೆ ತೆಗೆದ ಮಸುಕು ಫೋಟೊ ಈಗ ಅವನ ಮೊಬೈಲ್‌ನ ವಾಲ್‌ಪೇಪರ್.

ಲೆಕ್ಕ ಸುಲಭ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಮ್ಮಿಯಿದ್ದರೆ ಸಿಡಿಲು ಸುಮಾರು 10 ಕಿಲೊಮೀಟರ್ ಒಳಗಿದೆ, ತಕ್ಷಣ ಇಳಿಯಿರಿ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ. ಒಂಟಿ ಮರವೂ ತೆರೆದ ಮಂಟಪವೂ ಆಸರೆಯಲ್ಲ, ಗಾಜು ಏರಿಸಿದ ಕಾರು ವಾಸಿ.

ಚೆನ್ನಾಗಿರೋ ಕೋನ ಬೇಕು ಅಂತ ದಾರಿ ಬಿಟ್ಟು ಹುಲ್ಲಿಗೂ ಇಳಿಯಬೇಡಿ. ಕಾಲ್ತುಳಿತಕ್ಕೆ ಹುಲ್ಲು ಕಿತ್ತ ಕಡೆ ಮಳೆನೀರು ಮಣ್ಣನ್ನೇ ಕೊರೆದುಕೊಂಡು ಹೋಗುತ್ತೆ. ವೇದಾವತಿ ಹುಟ್ಟೋದು ಇದೇ ಬೆಟ್ಟಸಾಲಿನಲ್ಲಿ, ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡೋದು ಇದೇ ಹುಲ್ಲು ಮತ್ತು ಶೋಲಾ. ಹೊರಡುವ ಮುಂಚೆ ಪ್ರವೇಶದ ಸಮಯ, ನೋಂದಣಿ ವಿಚಾರಿಸಿಕೊಳ್ಳಿ. ಒಂದು ಜರ್ಕಿನ್, ಮೊಬೈಲಿಗೊಂದು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ. ಮಂಜು ಕವಿದು ಏನೂ ಕಾಣದಿದ್ದರೆ ವಾಪಸ್ ಓಡಬೇಡಿ, ಗುಡುಗಿಲ್ಲದಿದ್ದರೆ ಅರ್ಧ ಗಂಟೆ ಕೂತು ನೋಡಿ. ಬೆಟ್ಟದ ಮೇಲೆ ಗಾಳಿ ತಿರುಗೋಕೆ ಅಷ್ಟು ಹೊತ್ತು ಬೇಕು.