ಕಾಯೋರಿದ್ದ ಕಾಲದ ಹೋಟ್ಲುಗಳು

ಬೆಂಗಳೂರಲ್ಲೇ ಹುಟ್ಟಿ ಬೆಳೆದವರ ಜೊತೆ ಆಫೀಸಿನ ಕ್ಯಾಂಟೀನಿನಲ್ಲಿ ಕೂತರೆ ಒಂದಲ್ಲ ಒಂದು ದಿನ ಮುಚ್ಚಿಹೋದ ಹೋಟ್ಲುಗಳ ಮಾತು ಬಂದೇ ಬರುತ್ತೆ. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋದದ್ದು, ಮಲ್ಲೇಶ್ವರದಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ 2019ರ ಡಿಸೆಂಬರಿನಲ್ಲಿ ಬಾಗಿಲು ಹಾಕಿದ್ದು... ಮನೆಯಲ್ಲಿ ಯಾರೋ ತೀರಿಕೊಂಡವರ ಬಗ್ಗೆ ಹೇಳೋ ಹಾಗೆ ಹೇಳ್ತಾರೆ. ಮೊದಲನೆಯದನ್ನು ನಾನು ನೋಡೇ ಇಲ್ಲ. ಎರಡನೆಯದಕ್ಕೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ಸಲ ಹೋಗಿದ್ದೆ, ಅಷ್ಟೆ. ಹಾಗಾಗಿ ಸುಮ್ಮನೆ ತಲೆಯಾಡಿಸ್ತಾ ಕೂತಿರ್ತೀನಿ. ಮೊನ್ನೆ ಒಬ್ಬರು ನನ್ನ ಕಡೆ ತಿರುಗಿ, "ನಿಮ್ಮೂರ ಕಡೆ ಇದೆಲ್ಲ ಎಲ್ಲಿರುತ್ತೆ ಬಿಡಿ. ರಾತ್ರಿ ಎಂಟಕ್ಕೆ ಮಲಗೋ ಊರುಗಳು" ಅಂದರು.

ಸಿಟ್ಟೇನೂ ಬರಲಿಲ್ಲ. ಆದರೆ ಅವತ್ತಿಡೀ ಕೋಡ್ ಬರೆಯೋ ಬದಲು ತಲೆಯೊಳಗೆ ಬೇರೆಯದೇ ಓಡ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆ ನೆಂಟರಿರುವವನು ನಾನು. ಮೂರೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಹೆಗಲಿಗೆ ಒರಗಿ ತೂಕಡಿಸಿದ್ದೇನೆ. ನಮ್ಮಲ್ಲಿ ಹೋಟ್ಲೂ ಇತ್ತು, ರಾತ್ರಿಯೂ ಇತ್ತು ಮಾರಾಯ್ರೆ!

ನಮ್ಮ ದೊಡ್ಡಪ್ಪನದೇ ಒಂದು ಹೋಟ್ಲಿತ್ತು. ಹೊಸನಗರ ತಾಲ್ಲೂಕಿನಲ್ಲಿ, ಕೊಲ್ಲೂರಿಗೆ ಹೋಗುವ ದಾರಿಯ ಒಂದು ಕ್ರಾಸಿನಲ್ಲಿ. ಅದಕ್ಕೆ ಬೋರ್ಡೇ ಇರಲಿಲ್ಲ, "ಕ್ರಾಸಿನ ಹೋಟ್ಲು" ಅಂದರೆ ಸಾಕಿತ್ತು. ಹಂಚಿನ ಮಾಡು, ಮುಂದೊಂದು ಜಗಲಿ, ಉದ್ದದ ಎರಡು ಬೆಂಚು, ಹೊಗೆ ಹಿಡಿದ ಗೋಡೆ ಮೇಲೆ ದೇವರ ಫೋಟೋ, ಅದರ ಪಕ್ಕ ಬಸ್ಸಿನ ಟೈಮು ಬರೆದ ಒಂದು ರಟ್ಟು. ಬೆಳಿಗ್ಗೆ ಇಡ್ಲಿ, ಒಗ್ಗರಣೆ ಅವಲಕ್ಕಿ. ಮಧ್ಯಾಹ್ನದ ಮೇಲೆ ಬನ್ಸು, ಗೋಳಿಬಜೆ. ಸುಳ್ಳು ಹೇಳಬಾರದು, ಬನ್ಸು ಚೆನ್ನಾಗಿರ್ತಿತ್ತು, ಸಾಂಬಾರು ಅಷ್ಟಕ್ಕಷ್ಟೇ :) ಜನ ಬರ್ತಿದ್ದದ್ದು ಬಸ್ಸು ಇನ್ನೂ ಬಂದಿಲ್ಲ ಅನ್ನೋ ಕಾರಣಕ್ಕೆ.

ಯೋಚಿಸಿ ನೋಡಿದರೆ ನಮ್ಮ ಕಡೆಯ ಹೋಟ್ಲುಗಳೆಲ್ಲ ನಡೆದದ್ದು ಹೀಗೆ ಕಾಯೋರಿಂದ. ಸಾಗರದ ಮಂಡಿಗೆ ಅಡಿಕೆ ತಂದವರು ರೇಟು ಆಗುವವರೆಗೆ ಕಾಯಬೇಕು. ತೀರ್ಥಹಳ್ಳಿ ಕೋರ್ಟಿಗೆ ಬಂದವರು ಹೆಸರು ಕೂಗುವವರೆಗೆ ಕಾಯಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ ಬರುವ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಆ ಡ್ರೈವರಿಗೂ ಗೊತ್ತಿರುತ್ತಿರಲಿಲ್ಲ. ಒಂದು ಲೋಟ ಕಾಫಿ ತಗೊಂಡು ಒಂದು ಗಂಟೆ ಕೂತರೂ ಏಳಿ ಅನ್ನೋರಿಲ್ಲ. ದೊಡ್ಡಪ್ಪನ ಗಲ್ಲಾಪೆಟ್ಟಿಗೆ ಹಿಂದೆ ಒಂದು ಮೂಲೆಯಿತ್ತು. ಕಂಡಕ್ಟರು ತಂದುಕೊಟ್ಟ ಔಷಧಿ, ಪೇಪರು, ರಿಪೇರಿಯಾಗಿ ಬಂದ ಪಂಪಿನ ಭಾಗ, ಯಾರದೋ ಮದುವೆ ಕಾಗದದ ಕಟ್ಟು ಎಲ್ಲ ಅಲ್ಲಿ ಇರ್ತಿತ್ತು. ಪಕ್ಕದಲ್ಲಿ ಉದ್ರಿ ಪುಸ್ತಕ. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬಂದಾಗ ಅದರಲ್ಲಿ ಒಂದೊಂದೇ ಗೆರೆ ಹೊಡೆಯೋನು.

ಇನ್ನೊಂದು ಮಾತು. ಹಿಂದೆ ಹೋಟ್ಲಿನ ಒಳಗೆ ಯಾರು ಕೂರಬೇಕು, ಹೊರಗೆ ಯಾರು ನಿಂತು ಕುಡಿಯಬೇಕು ಅನ್ನೋದಕ್ಕೂ ಜಾತಿಯ ಲೆಕ್ಕ ಇತ್ತು ಅಂತ ಅಜ್ಜ ಹೇಳಿದ್ದು ನೆನಪಿದೆ. ಗೇಣಿದಾರರು ಒಡೆಯರ ಎದುರು ಎದ್ದು ನಿಂತ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರ ತಾಲ್ಲೂಕಿನಲ್ಲಿ, 1951ರಲ್ಲಿ. ಲೋಹಿಯಾ ಬಂದು ಬಂಧನಕ್ಕೊಳಗಾಗಿದ್ದೂ ಆಗಲೇ. ನನ್ನ ಕಾಲಕ್ಕೆ ದೊಡ್ಡಪ್ಪನ ಹೋಟ್ಲಲ್ಲಿ ತೋಟದ ಯಜಮಾನರೂ ಕೊಯ್ಲಿಗೆ ಬಂದವರೂ ಒಂದೇ ಬೆಂಚಿನಲ್ಲಿ ಕೂತಿರ್ತಿದ್ದರು. ಮಳೆ ಹೊಯ್ಯುವಾಗ ಕಾಯೋದಕ್ಕೆ ಇದ್ದದ್ದು ಅದೊಂದೇ ಮಾಡು. ಅದಕ್ಕಾಗಿಯಾದರೂ ಆ ಬೆಂಚನ್ನು ನಾನು ನೆನೆಸಿಕೊಳ್ತೀನಿ.

ಇನ್ನು ರಾತ್ರಿ... ನಮ್ಮ ನೈಟ್‌ಲೈಫು ಅಂದರೆ ಆಟ. ಸಾಲಿಗ್ರಾಮ, ಪೆರ್ಡೂರು ಮೇಳದವರು ಗದ್ದೆಬಯಲಲ್ಲಿ ಟೆಂಟು ಹಾಕಿದರೆ ಸುತ್ತಲಿನ ಹತ್ತು ಹಳ್ಳಿಗೆ ಅವತ್ತು ರಾತ್ರಿ ನಿದ್ದೆಯಿಲ್ಲ. ಕಂಬಳಿ ಹೊದ್ದು ನೆಲದ ಮೇಲೆ ಕೂತು, ಎರಡನೇ ಪ್ರಸಂಗದ ಹೊತ್ತಿಗೆ ಅಮ್ಮನ ತೊಡೆ ಮೇಲೆ ಮಲಗಿ, ಬಣ್ಣದ ವೇಷ ಆರ್ಭಟಿಸುತ್ತಾ ಬಂದಾಗ ಬೆಚ್ಚಿ ಎದ್ದು... ಟೆಂಟಿನ ಹೊರಗೆ ಚಾದಂಗಡಿ ಸಾಲು. ಆಮ್ಲೆಟ್ಟಿನ ವಾಸನೆ, ಮಸಾಲೆ ಮಂಡಕ್ಕಿ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ, ತೀರ್ಥಹಳ್ಳಿಯಲ್ಲಿ ತುಂಗೆಯ ದಡದಲ್ಲಿ ಎಳ್ಳಮಾವಾಸ್ಯೆ ಜಾತ್ರೆ. ಅಲ್ಲೂ ಇದೇ ಕತೆ. ಆಟ ಇದ್ದ ರಾತ್ರಿ ದೊಡ್ಡಪ್ಪ ಒಲೆ ಆರಿಸುತ್ತಲೇ ಇರಲಿಲ್ಲ. ಆಟ ಯಾಕೆ ಬೆಳಗಿನವರೆಗೆ ಇರುತ್ತೆ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ಮತ್ತೆ ನಡುರಾತ್ರಿ ಬಿಟ್ಟರೆ ಜನ ಕಾಡಲ್ಲಿ ಹೆಂಗೆ ಹೋಗಬೇಕೋ? ಬೆಳಕು ಹರಿಬೇಕು, ಫಸ್ಟ್ ಬಸ್ಸು ಬರಬೇಕು" ಅಂದಿದ್ದ. ಅಂದರೆ ಅಲ್ಲೂ ಕಾಯೋದೇ!

ಇದೆಲ್ಲ ಒಂದೇ ದಿನಕ್ಕೆ ಹೋಗಲಿಲ್ಲ. ನಾನು ಚಿಕ್ಕವನಿದ್ದಾಗ ಶಿವಮೊಗ್ಗ-ತಾಳಗುಪ್ಪ ಮೀಟರ್‌ಗೇಜ್ ಹಳಿ ಮೇಲೆ ಒಂದು ರೈಲುಬಸ್ಸು ಕುಲುಕಾಡ್ತಾ ಓಡ್ತಿತ್ತು. 2011ರ ಹೊತ್ತಿಗೆ ಬ್ರಾಡ್‌ಗೇಜ್ ಆಯ್ತು. ಈಗ ಬೆಂಗಳೂರಲ್ಲಿ ರಾತ್ರಿ ಹತ್ತಿ ಮಲಗಿದರೆ ಬೆಳಿಗ್ಗೆ ಸಾಗರದಲ್ಲಿ ಏಳೋದು. ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನು ನಿಮಗೆ ಗೊತ್ತಿರಬಹುದು, ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್'ನಲ್ಲಿ ಮಾಲ್ಗುಡಿಯ ಸ್ಟೇಷನ್ ಆಗಿದ್ದು ಅದೇ. 2020ರಲ್ಲಿ ಆ ಹಳೇ ಕಟ್ಟಡ ಮ್ಯೂಸಿಯಂ ಆಯ್ತು. ರೈಲಿಗೆ ಕಾಯೋ ಜಾಗಕ್ಕೆ ಈಗ ಜನ ಕಾರಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋಗ್ತಾರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಓಡಾಡಿದವರಿಗೆಲ್ಲ ಸಹಕಾರ ಸಾರಿಗೆ ನೆನಪಿರಲೇಬೇಕು. 1991ರಲ್ಲಿ ಕಾರ್ಮಿಕರೇ ಒಟ್ಟಾಗಿ ಕಟ್ಟಿದ ಬಸ್ಸುಗಳು ಅವು. 2020ರ ಫೆಬ್ರವರಿಯಲ್ಲಿ ನಿಂತವು. ಆ ಹೊತ್ತಿಗೆ ಮನೆಮನೆಗೂ ಬೈಕು ಬಂದಿತ್ತು. ಆಟವೂ ಎಷ್ಟೋ ಕಡೆ ಸಂಜೆ ಶುರುವಾಗಿ ಮಧ್ಯರಾತ್ರಿಯೊಳಗೆ ಮುಗಿಯೋ ಹಾಗಾಗಿತ್ತು. ಬೈಕ್ ಹತ್ತಿದರೆ ಹತ್ತು ನಿಮಿಷಕ್ಕೆ ಮನೆ.

ಮಾರ್ಚಿನಲ್ಲಿ ಲಾಕ್‌ಡೌನು. ದೊಡ್ಡಪ್ಪ ಅವತ್ತು ಹಾಕಿದ ಬಾಗಿಲು ಮತ್ತೆ ತೆಗೆಯಲಿಲ್ಲ. ನಾನಾಗ ಲ್ಯಾಪ್‌ಟಾಪು ಹೊತ್ತುಕೊಂಡು ಊರಿಗೆ ಬಂದಿದ್ದೆ. ನೆಟ್‌ವರ್ಕ್ ಹುಡುಕ್ತಾ ಅದೇ ಜಗಲಿ ಮೇಲೆ ಕೂತು ಕೆಲಸ ಮಾಡ್ತಿದ್ದೆ. ಎಲ್ಲ ಸರಿಯಾದ ಮೇಲೂ ಯಾಕೆ ತೆಗೆಯಲ್ಲ ಅಂತ ಕೇಳಿದ್ದಕ್ಕೆ, "ಕಾಯೋರೇ ಇಲ್ಲ ಅಂದ್ಮೇಲೆ ಹಾಲು ಕಾಸಿ ಯಾರಿಗೆ ಕೊಡಲೋ?" ಅಂದ. ಅಣ್ಣ ಪುಣೆಯಲ್ಲಿ ನನ್ನ ಹಾಗೇ ಇಂಜಿನಿಯರು. ಅವನು ವಾಪಸು ಬಂದು ಹೋಟ್ಲು ನಡೆಸಬೇಕಿತ್ತು ಅಂತ ದೊಡ್ಡಪ್ಪ ಒಂದು ದಿನವೂ ಅಂದಿಲ್ಲ. "ಬೆಳಿಗ್ಗೆ ನಾಲ್ಕಕ್ಕೆ ಎದ್ದು ರುಬ್ಬೋದು ನನಗೇ ಮುಗೀಲಿ" ಅಂತಾನೆ. ದೊಡ್ಡಮ್ಮನ ಎರಡೂ ಮಂಡಿ ಸವೆದಿವೆ. ಹೋಟ್ಲು ಮುಚ್ಚಿದ್ದಕ್ಕೆ ಅವಳ ಮುಖದಲ್ಲಿ ಒಂದು ಚೂರೂ ಬೇಜಾರು ನಾನು ಕಂಡಿಲ್ಲ.

ನನ್ನ ಈ ಹಳಹಳಿಕೆಗೆ ಸರಿಯಾಗಿ ಏಟು ಕೊಟ್ಟಿದ್ದು ಮಾತ್ರ ಅತ್ತೆ, ದೊಡ್ಡಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಸಾಗರಕ್ಕೆ ಬರೋಕೆ ಅವರಿಗೆಲ್ಲ ಲಾಂಚೇ ಗತಿ. ನನಗೋ ಆ ಲಾಂಚು ಅಂದರೆ ಪ್ರಾಣ. ಅಂಬಾರಗೋಡ್ಲಿನ ದಡದಲ್ಲಿ ಲಾಂಚಿಗೆ ಕಾಯ್ತಾ ಚುರುಮುರಿ ತಿಂದು, ಚಾ ಕುಡಿದು, ಬಸ್ಸು ಜೀಪುಗಳ ನಡುವೆ ನಿಂತು ನೀರು ನೋಡ್ತಾ ದಾಟೋದು. 2025ರ ಜುಲೈ 14ಕ್ಕೆ ಅಲ್ಲಿ 2 ಕಿ.ಮೀ.ಗೂ ಉದ್ದದ ಸೇತುವೆ ಉದ್ಘಾಟನೆಯಾಯ್ತು. ಫೋನಿನಲ್ಲಿ ಅತ್ತೆ ಹತ್ತಿರ, "ಪಾಪ, ದಡದ ಅಂಗಡಿಯವರ ಗತಿ ಏನತ್ತೆ? ಲಾಂಚಿನ ಮಜಾನೇ ಹೋಯ್ತಲ್ಲ" ಅಂದೆ.

"ನಿಂಗೇನೋ ಲಾಂಚು ಚಂದ ಮಾರಾಯ. ವರ್ಷಕ್ಕೆ ಎರಡು ಸಲ ಬರೋನು ನೀನು. ನಿನ್ನ ಮಾವಂಗೆ ಎದೆನೋವು ಬಂದ ರಾತ್ರಿ ಲಾಂಚು ಎಲ್ಲಿತ್ತು?"

ಸಂಜೆ ಕೊನೆಯ ಲಾಂಚು ಹೋದ ಮೇಲೆ ಆಚೆಯವರು ಆಚೆಗೇ. ಆ ರಾತ್ರಿ ಜೀಪು ಮಾಡಿಕೊಂಡು ಹೊಸನಗರದ ಮೇಲೆ ಸುತ್ತಿಕೊಂಡು ಹೋಗಿದ್ದರಂತೆ. ಮಾವ ಉಳಿದರು. ಹಾಗೆ ಸುತ್ತಿ ಹೋಗುವಷ್ಟರಲ್ಲಿ ಉಳಿಯದವರೂ ಆ ಊರುಗಳಲ್ಲಿದ್ದಾರೆ. ದಡದಲ್ಲಿ ಚಾ ಕುಡೀತಾ ನೀರು ನೋಡ್ತಿದ್ದ ನನಗೆ ಕಾಯೋದು ಅಂದರೆ ಗಮ್ಮತ್ತು, ಅಲ್ಲಿಯವರಿಗೆ ಅದು 60 ವರ್ಷದ ಶಿಕ್ಷೆ. ನಾನೇನೂ ಮಾತಾಡಲಿಲ್ಲ.

ಹಾಗಂತ ಆ ಬೆಂಚನ್ನು ಮರೆತುಬಿಡೋಕೂ ಆಗೋದಿಲ್ಲ. ದೊಡ್ಡಪ್ಪ ಈಗಲೂ ಸಂಜೆ ಜಗಲಿ ಮೇಲೆ ಬಂದು ಕೂರ್ತಾನೆ. ಕಾರುಗಳು ಸುಯ್ಯಂತ ಹೋಗ್ತವೆ. ಒಂದು ಕಾಲಕ್ಕೆ ಯಾರ ಮನೆ ಹಸು ಕರು ಹಾಕಿತು ಅನ್ನೋದೂ ಗೊತ್ತಿರ್ತಿದ್ದ ಮನುಷ್ಯನಿಗೆ ಈಗ ಪಕ್ಕದ ಊರಲ್ಲಿ ಯಾರೋ ಹೋದ ಸುದ್ದಿ ಮೂರು ದಿನ ಬಿಟ್ಟು ಗೊತ್ತಾಗುತ್ತೆ. ರಸ್ತೆ ಬಂತು, ಸೇತುವೆ ಬಂತು, ಬರಲೇಬೇಕಿತ್ತು. ಆದರೆ ಪಾಪ ಅವನಿಗೆ ಮಾತಾಡೋಕೆ ಜನ ಇಲ್ಲ. ಒಂದು ಸಿಕ್ಕಿದ್ದಕ್ಕೆ ಇನ್ನೊಂದು ಹೋದದ್ದು ಸಮ ಆಯ್ತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಸೇತುವೆ ಆದ ಮೇಲಿನ ಮೊದಲ ಚಳಿಗಾಲದಲ್ಲಿ ಅತ್ತೆ ಸಾಗರದಲ್ಲಿ ಆಟ ನೋಡೋಕೆ ಹೋಗಿದ್ದಳು. ಕಾರಲ್ಲಿ, ನೆರೆಮನೆಯವರ ಜೊತೆ. ಮುಗಿದಾಗ ಹನ್ನೆರಡಾಗಿತ್ತಂತೆ. ನಡುರಾತ್ರಿಯಲ್ಲಿ ಸೇತುವೆ ದಾಟಿ ಮನೆಗೆ ಬಂದು ತನ್ನ ಹಾಸಿಗೆಯಲ್ಲಿ ಮಲಗಿದಳು. ಮದುವೆಯಾಗಿ ಆಚೆ ದಡಕ್ಕೆ ಹೋದ ಮೇಲೆ ಅವಳು ರಾತ್ರಿ ಸಾಗರದಿಂದ ಮನೆಗೆ ವಾಪಸಾಗಿದ್ದು ಅದೇ ಮೊದಲು. ವಯಸ್ಸು 62. ನಮ್ಮ ಆಫೀಸಿನವರಿಗೆ ಹೇಳಬೇಕು, ಅತ್ತೆಯ ನೈಟ್‌ಲೈಫ್ ಈಗ ಶುರುವಾಗಿದೆ ಅಂತ :)

ದೊಡ್ಡಪ್ಪನಿಗೆ ಇದನ್ನು ಹೇಳಿದೆ. ಯಾವ ಪ್ರಸಂಗ, ಯಾರ ವೇಷ ಅಂತ ಒಂದೂ ಕೇಳಲಿಲ್ಲ.

"ವಾಪಸ್ ಬರುವಾಗ ದಾರೀಲಿ ಒಂದು ಲೋಟ ಬಿಸಿ ಕಾಫಿ ಆದ್ರೂ ಸಿಕ್ತನಾ ಅವಳಿಗೆ?" ಅಂದ.

ಸಿಕ್ಕಿರಲಿಲ್ಲ.