ತಿರುವೊಟ್ಟಿಯೂರಿನಲ್ಲಿ ಒಂದು ರಾತ್ರಿ



ರಜೆಗೆಂದು ಊರಿಗೆ ಬಂದಾಗ ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು: “ರೂಮಿನಲ್ಲಿ ಎ.ಸಿ. ಇದೆಯಾ? ವೈಫೈ ಇದೆಯಾ?” ಎ.ಸಿ. ಇದ್ದೂ ಇಲ್ಲದಂತಿದ್ದ, ವೈಫೈ ಸುದ್ದಿಯೇ ಇಲ್ಲದ ಒಂದು ಲಾಡ್ಜಿನ ಕಥೆ ಹೇಳುತ್ತೇನೆ. ಅಜ್ಜಿ, ತಾತಂದಿರನ್ನು ಕೂರಿಸಿಕೊಂಡು ಕಾರಿನಲ್ಲಿ ಪ್ರವಾಸ ಹೊರಡುವ ಯೋಚನೆ ನಿಮಗಿದ್ದರೆ ಕೊನೆಯವರೆಗೂ ಓದಿ.

2022ರ ಡಿಸೆಂಬರ್ ಕೊನೆಯ ವಾರ. ಅಮೆರಿಕದಿಂದ ಬಂದಿದ್ದ ನನ್ನ ತಂಗಿಯ ಮಗ, ಮಗಳು, 76 ವರ್ಷದ ನಮ್ಮ ತಾಯಿ, ನನ್ನ ಹೆಂಡತಿ ಮತ್ತು ನಾನು, ಒಟ್ಟು ಐದು ಜನ ಬೆಂಗಳೂರಿನಿಂದ ಕಾರಿನಲ್ಲಿ ಹೊರಟೆವು. ಕೋಲಾರ, ಮುಳಬಾಗಿಲು, ಚಿತ್ತೂರು ದಾಟಿ, ಕಂಚಿಯಲ್ಲಿ ದೇವರ ದರ್ಶನ ಮುಗಿಸಿ, ರಾತ್ರಿ ಚೆನ್ನೈನಲ್ಲಿ ತಂಗುವುದು, ಮಾರನೆಯ ದಿನ ಉತ್ತರಕ್ಕೆ ಹೋಗಿ ಪುಲಿಕಾಟ್ ಸರೋವರದ ಫ್ಲೆಮಿಂಗೊ ಹಕ್ಕಿಗಳನ್ನು ನೋಡುವುದು ನಮ್ಮ ಯೋಜನೆ.

ಡಿಸೆಂಬರ್ ಎಂದರೆ ಚೆನ್ನೈನಲ್ಲಿ ಸಂಗೀತದ ಸುಗ್ಗಿ. ಮೈಲಾಪುರದ ಕಡೆ ನಾವು ವಿಚಾರಿಸಿದ ಕೋಣೆಗಳೆಲ್ಲ ಭರ್ತಿ. ಖಾಲಿ ಇದ್ದ ಒಂದೆರಡರ ದರ ಕೇಳಿ ನನ್ನವಳು “ಹಾಸಿಗೆ ಇದ್ದಷ್ಟು ಕಾಲು ಚಾಚಿ” ಎಂದು ನೆನಪಿಸಿದಳು. ಹೇಗೂ ಬೆಳಗ್ಗೆ ಉತ್ತರಕ್ಕೇ ಹೋಗಬೇಕಲ್ಲ, ಆ ಕಡೆಯೇ ಉಳಿಯೋಣವೆಂದು ತಿರುವೊಟ್ಟಿಯೂರಿಗೆ ಕಾರು ತಿರುಗಿಸಿದೆವು.

ಇದು ಚೆನ್ನೈನ ಉತ್ತರ ತುದಿಯಲ್ಲಿ, ಸಮುದ್ರಕ್ಕೆ ಅಂಟಿಕೊಂಡಿರುವ ಊರು. ಬೇರೆಯೇ ಪುರಸಭೆಯಾಗಿದ್ದ ಇದು ಚೆನ್ನೈ ಮಹಾನಗರಪಾಲಿಕೆಗೆ ಸೇರಿದ್ದು 2011ರಲ್ಲಿ. ಬಂದರಿನ ಕಂಟೇನರ್ ಲಾರಿಗಳ ಸಾಲು, ಟೈರು ಕಾರ್ಖಾನೆ, ಬೆಂಕಿಪೊಟ್ಟಣದ ಕಾರ್ಖಾನೆಯ ಹೆಸರು ಹೊತ್ತ ವಿಮ್ಕೊ ನಗರ. ನೀವು ಮೆಚ್ಚುವ ಎನ್‌ಫೀಲ್ಡ್ ಬುಲೆಟ್ 1950ರ ದಶಕದಿಂದ ತಯಾರಾದದ್ದು ಇಲ್ಲಿಯೇ. ಅದನ್ನು ಕೇಳಿದ ಮೇಲೆ ಸೋದರಳಿಯನ ಮುಖ ಸ್ವಲ್ಪ ಅರಳಿತು!

ಒಂದು ಮಾತು ತಿಳಿದಿರಲಿ. ನಮ್ಮ ಕಡೆ ‘ಹೋಟೆಲ್’ ಎಂದರೆ ತಿಂಡಿ ತಿನ್ನುವ ಜಾಗ. ಮಲಗುವ ಜಾಗ ‘ಲಾಡ್ಜು’. ಎರಡನ್ನೂ ಒಂದೇ ಸೂರಿನಡಿ ಕೊಟ್ಟು ಮದರಾಸಿನಲ್ಲಿ ಹೆಸರು ಮಾಡಿದವರು ನಮ್ಮ ಉಡುಪಿಯ ಕಡೆಯವರೇ. ಅಡುಗೆಮನೆಯ ಸಣ್ಣ ಕೆಲಸದಿಂದ ಮೇಲೆ ಬಂದ ಕೃಷ್ಣರಾಯರು 1938ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ನಮಗೆ ಸಿಕ್ಕಿದ್ದು ಮಾತ್ರ ಬರೀ ಲಾಡ್ಜು. ರಸ್ತೆಗೇ ಮುಖ, ಮೂರು ಮಹಡಿ, ಲಿಫ್ಟ್ ಇಲ್ಲ; ಕೋಣೆಗೆ 900 ರೂಪಾಯಿ.

ಲಾಡ್ಜು ಹಿಡಿಯುವುದಕ್ಕೂ ಒಂದು ಕ್ರಮವಿದೆ. ದುಡ್ಡು ಕೊಡುವ ಮೊದಲು ಕೋಣೆ ನೋಡಿ. ನಲ್ಲಿ ತಿರುಗಿಸಿ, ಹಾಸಿಗೆಯ ಹೊದಿಕೆ ಎತ್ತಿ ನೋಡಿ, ಚಿಲಕ ಹಾಕಿ ನೋಡಿ. ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆಂದು ಕೇಳಿ. ಊಟ ಎಲ್ಲಿ ಚೆನ್ನಾಗಿದೆಯೆಂದು ಪಕ್ಕದ ಅಂಗಡಿಯವನನ್ನು ಕೇಳಿ. ನಾನು ಇಷ್ಟನ್ನೂ ಮಾಡಿದೆ. ಕೋಣೆ ಚಿಕ್ಕದು, ಆದರೆ ಶುಭ್ರವಾಗಿತ್ತು.

ಆದರೆ ನಮ್ಮ ತಾಯಿ ಕಾರಿನಿಂದ ಇಳಿಯಲೇ ಒಪ್ಪಲಿಲ್ಲ. ಮಂಡಿನೋವು ಒಂದು ಕಾರಣ. ಇನ್ನೊಂದನ್ನು ಮೆಲ್ಲಗೆ ಹೇಳಿದರು: “ನಮ್ಮದು ಕೆ.ಎ. ನಂಬರ್ ಗಾಡಿ ಕಣೋ. ರಾತ್ರಿ ಯಾರಾದ್ರೂ ಏನಾದ್ರೂ ಮಾಡಿದ್ರೆ?”

ನಿಮಗೆ ಇದು ವಿಚಿತ್ರವೆನಿಸಬಹುದು. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಪ್ರಕಟವಾದ ಬೆನ್ನಲ್ಲೇ ಬೆಂಗಳೂರಿನಲ್ಲಿ ಗಲಭೆಯಾಯಿತು. ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಎಷ್ಟೋ ಕುಟುಂಬಗಳು ಊರು ಬಿಟ್ಟವು. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ನಂಬರಿನ ಬಸ್ಸುಗಳು ಬೆಂಗಳೂರಿನಲ್ಲಿ ಸಾಲುಸಾಲಾಗಿ ಉರಿದವು. ಅದನ್ನು ಕಂಡವರಿಗೆ ಗಡಿ ದಾಟಿದೊಡನೆ ನಂಬರ್ ಪ್ಲೇಟಿನ ನೆನಪಾಗುತ್ತದೆ.

ಅಷ್ಟರಲ್ಲಿ ಮ್ಯಾನೇಜರ್ ಹೊರಗೆ ಬಂದು ಕಾರಿನ ಬಾಗಿಲ ಬಳಿ ಬಗ್ಗಿದರು. “ಇಳೀರಮ್ಮಾ. ಮೆಟ್ಲು ಹತ್ತೋದು ಬೇಡ, ಕೆಳಗಡೆ ನನ್ನ ರೂಮಿದೆ, ಬಿಟ್ಟುಕೊಡ್ತೀನಿ. ಗಾಡಿ ಒಳಗಡೆ ಹಾಕಿಸ್ತೀನಿ.”

ಅಪ್ಪಟ ಬೆಂಗಳೂರು ಕನ್ನಡ! ತಾಯಿ ಬೆರಗಾಗಿ ಕೇಳಿದರು, “ಯಾವೂರಪ್ಪಾ ನಿಂದು?”

“ಹುಟ್ಟಿದ್ದು ಶ್ರೀರಾಂಪುರದಲ್ಲಮ್ಮಾ. ಏಳನೇ ಕ್ಲಾಸಿನವರೆಗೂ ಅಲ್ಲೇ ಓದಿದ್ದು. ತೊಂಬತ್ತೊಂದರ ಗಲಾಟೆಲಿ ಈ ಕಡೆ ಬಂದ್ಬಿಟ್ವಿ.”

ಯಾರಿಗೂ ಮಾತು ಹೊರಡಲಿಲ್ಲ. ಅವರೇ ನಕ್ಕು ಚೀಲ ಎತ್ತಿಕೊಂಡರು. ತಾಯಿ ಅವರ ತೋಳು ಹಿಡಿದು ಇಳಿದರು.

ಬೆಳಗ್ಗೆ ಅವರೇ ದೇವಸ್ಥಾನದ ದಾರಿ ತೋರಿಸಿದರು. ಹತ್ತಿರದ ಮೆಟ್ರೋ ನಿಲ್ದಾಣದ ಹೆಸರು ‘ತೇರಡಿ’. ತೇರು ಗೊತ್ತು, ಅಡಿ ಗೊತ್ತು. ತಮಿಳು ಬಾರದ ನಿಮಗೂ ಅರ್ಥವಾಯಿತಲ್ಲ? ಒಳಗೆ ಆದಿಪುರೀಶ್ವರ, ತ್ಯಾಗರಾಜಸ್ವಾಮಿ, ವಡಿವುಡೈ ಅಮ್ಮನವರ ಸನ್ನಿಧಿಗಳಿವೆ. ಮೂಲಲಿಂಗಕ್ಕೆ ಸದಾ ಕವಚ. ಅದನ್ನು ತೆಗೆಯುವುದು ಕಾರ್ತಿಕ ಹುಣ್ಣಿಮೆಯಿಂದ ಮೂರು ದಿನ ಮಾತ್ರ. ಸುಂದರಮೂರ್ತಿ ನಾಯನಾರ್ ಇಲ್ಲಿಯ ಸಂಗಿಲಿಯನ್ನು ಮದುವೆಯಾಗಿ, ‘ನಿನ್ನನ್ನು ಬಿಟ್ಟು ಹೋಗೆ’ ಎಂದು ಬಕುಳದ ಮರದ ಕೆಳಗೆ ಆಣೆಯಿಟ್ಟು, ಆಣೆ ಮುರಿದು ಊರು ದಾಟಿದೊಡನೆ ಕಣ್ಣು ಕಳೆದುಕೊಂಡನೆಂದು ಪುರಾಣ. ನಮ್ಮ ಹರಿಹರ ಕವಿಯ ‘ನಂಬಿಯಣ್ಣನ ರಗಳೆ’ಯ ನಂಬಿಯಣ್ಣ ಇವನೇ ಎಂದಾಗ ತಾಯಿ ಕೈಮುಗಿದರು.

“ಇಲ್ಲಿ ನಮ್ಮದು ಅಂತ ಬೇರೇನಿದೆ, ಮಾಮ?” ಎಂದಳು ಸೋದರ ಸೊಸೆ.

ಇದೆ. ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣ 949ರಲ್ಲಿ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಗಂಗ ಬೂತುಗ. ಮಂಡ್ಯ ಜಿಲ್ಲೆಯ ಆತಕೂರಿನ ಕನ್ನಡ ಶಾಸನದಲ್ಲಿ ಈ ಯುದ್ಧದ ವಿವರವಿದೆ. ಬೂತುಗನ ವೀರ ಮಣಲೆರ ಬಹುಮಾನವಾಗಿ ಬೇಡಿ ಪಡೆದ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ನೆಟ್ಟ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಮಿಳು ಶಾಸನಗಳಲ್ಲಿ ಕೃಷ್ಣನ ಹೆಸರು ‘ಕನ್ನರದೇವ’.

“ಅಂದ್ರೆ ನಾವು ಗೆದ್ವಿ!” ಎಂದು ಹುಡುಗ ಕುಣಿದ.

ತಾಳು, ಇನ್ನೂ ಇದೆ ಎಂದೆ. ಕೃಷ್ಣನ ಆಳ್ವಿಕೆಯ 20ನೆಯ ವರ್ಷದ ಒಂದು ಸಂಸ್ಕೃತ ಶಾಸನ ಇದೇ ದೇವಸ್ಥಾನದಲ್ಲಿ ಸಿಕ್ಕಿದೆ. ಕೇರಳದ ವಲ್ಲಭನೆಂಬುವನು ರಾಜಾದಿತ್ಯನ ಆಪ್ತ. ಯುದ್ಧದ ದಿನ ಒಡೆಯನ ಪಕ್ಕದಲ್ಲಿ ತಾನಿರಲಿಲ್ಲವೆಂಬ ಕೊರಗಿನಿಂದ ಸಂನ್ಯಾಸಿಯಾಗಿ, ತಿರುವೊಟ್ಟಿಯೂರಿಗೆ ಬಂದು, ಚತುರಾನನ ಪಂಡಿತನೆಂಬ ಹೆಸರಿನಿಂದ ಇಲ್ಲಿಯ ಮಠದಲ್ಲಿ ನೆಲೆನಿಂತ. ದೇವರ ಪೂಜೆಗೆ ಅವನು ಚಿನ್ನ ಕೊಟ್ಟ ದಾನದ ಶಾಸನ ಅದು. ತನ್ನವರನ್ನು ಸೋಲಿಸಿದ ದೊರೆಯ ಕಾಲಗಣನೆಯಲ್ಲೇ ಅದನ್ನು ಬರೆಸಬೇಕಾಯಿತು.

ಕೇಳುತ್ತಿದ್ದ ತಾಯಿ ಅಂದರು: “ಗೆದ್ದವನು ಹೋದ. ಎಲ್ಲ ಕಳ್ಕೊಂಡು ಬಂದವನು ಇಲ್ಲೇ ಉಳಿದ, ನೋಡು.” ಹುಡುಗ ಸುಮ್ಮನಾದ. ನಾವೆಲ್ಲರೂ ಯಾರನ್ನು ನೆನೆಸಿಕೊಂಡೆವೆಂದು ಹೇಳಬೇಕಾಗಿಲ್ಲ.

ಹೊರಡುವಾಗ ಕೆಳಗಿನ ಕೋಣೆಗೆಂದು ಹೆಚ್ಚು ಕೊಡಹೋದರೆ ಮ್ಯಾನೇಜರ್ ತೆಗೆದುಕೊಳ್ಳಲಿಲ್ಲ. ತಾಯಿ ದಾರಿಗೆಂದು ತಂದಿದ್ದ ಕೋಡುಬಳೆ ಡಬ್ಬಿಯನ್ನು ಅವರ ಕೈಗಿತ್ತರು. ಅದಕ್ಕೆ ಬೇಡವೆನ್ನಲಿಲ್ಲ. “ನಮ್ಮ ಬೀದಿ ಮೂಲೆಲಿ ಒಂದು ಅರಳಿಕಟ್ಟೆ ಇತ್ತು. ಇದೆಯೋ ಇಲ್ವೋ!” ಎಂದಷ್ಟೇ ಹೇಳಿದರು.

ಪುಲಿಕಾಟ್‌ನಲ್ಲಿ ಹಕ್ಕಿಗಳು ದೂರದಲ್ಲಿ ಗುಲಾಬಿ ಗೆರೆಯಂತೆ ಕಂಡವು. ಫೋಟೋ ಚೆನ್ನಾಗಿ ಬರಲಿಲ್ಲ. ಒಂದು ಫೋಟೋ ಮಾತ್ರ ಚೆನ್ನಾಗಿ ಬಂತು. ಬೆಂಗಳೂರಿಗೆ ಮರಳಿದ ಮೇಲೆ ಸೋದರಳಿಯ ಒಬ್ಬನೇ ಮೆಟ್ರೋದಲ್ಲಿ ಶ್ರೀರಾಂಪುರಕ್ಕೆ ಹೋಗಿ, ತನಗೆ ಬರುವ ಅರೆಬರೆ ಕನ್ನಡದಲ್ಲೇ ಅವರಿವರನ್ನು ಕೇಳಿ, ಆ ಅರಳಿಕಟ್ಟೆಯನ್ನು ಹುಡುಕಿ ಚಿತ್ರ ತೆಗೆದು ಕಳಿಸಿದ. ಆ ಕಡೆಯಿಂದ ಉತ್ತರ ಬಂದದ್ದು ರಾತ್ರಿ: “ಇದೇ ಕಣಪ್ಪಾ. ನಮ್ಮಮ್ಮನಿಗೆ ತೋರಿಸ್ದೆ.”

ಮಿತ್ರರೇ, ಮುಂದಿನ ಸಲ ಬಂದಾಗ ರಸ್ತೆಬದಿಯ ಇಂಥ ಲಾಡ್ಜೊಂದರಲ್ಲಿ ಒಂದು ರಾತ್ರಿ ಉಳಿದು ನೋಡಿ. ನಲ್ಲಿ, ಚಿಲಕ ಪರೀಕ್ಷಿಸಿ ಆದಮೇಲೆ, ಕೀಲಿಕೈ ಕೊಡುವವರನ್ನು “ಯಾವೂರು?” ಎಂದು ಕೇಳುವುದನ್ನು ಮರೆಯಬೇಡಿ.