ಅಳತೆಗೆ ಸಿಗದ ಹನಿ

ಬೆಳಗ್ಗೆ ಎಂಟೂವರೆಯ ಹೊತ್ತಿಗೆ ನಮ್ಮ ಮನೆಗೆ ಬರುವವರು ನನ್ನಿಂದ ಉಪಚಾರದ ಮಾತನ್ನು ನಿರೀಕ್ಷಿಸಬಾರದು. ಆಗ ನಾನು ಕಂಪ್ಯೂಟರಿನ ಮುಂದೆ ಕುಳಿತು, ನನ್ನ ಜಾಲತಾಣದ ಕಡೆಗೆ ಲೋಕದಲ್ಲಿ ಎಷ್ಟು ಮಂದಿ ಕೈ ತೋರಿಸಿದ್ದಾರೆಂಬ ವರದಿಯನ್ನು ನೋಡುತ್ತಿರುತ್ತೇನೆ. ವರದಿಯೇನೂ ಉದ್ದವಾದುದಲ್ಲ. ಮೊದಲ ಎರಡು ತಿಂಗಳು ಅದರಲ್ಲಿ ಇದ್ದದ್ದು ಒಂದೇ ಅಂಕಿ, ಅದೂ ಸೊನ್ನೆ.

"ಮಾವಯ್ಯನೋರೂ ಇದೇ ಹೊತ್ತಿಗೆ ಅಂಗಳಕ್ಕೆ ಹೋಗಿ ಮಳೆ ಅಳೀತಿದ್ರು," ಎಂದಳು ನನ್ನಾಕೆ ಒಂದು ದಿನ, ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿ. "ಅವರ ಪಾತ್ರೇಲಿ ಏನಾದ್ರೂ ಇರ್ತಿತ್ತು."

ಆಕೆಯ ಮಾತು ನಿಜ. ನನ್ನ ತಂದೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಾಲೆಯ ಮೇಷ್ಟರಾಗಿದ್ದರು. ಬೀಡಿಯಿಲ್ಲ, ನಸ್ಯವಿಲ್ಲ, ಇಸ್ಪೀಟಿಲ್ಲ. ಅವರಿಗಿದ್ದ ಚಟ ಮಳೆ ಅಳೆಯುವುದೊಂದೇ. ಅಂಗಳದಲ್ಲಿ ಮಳೆಮಾಪಕವೊಂದನ್ನು ನೆಟ್ಟು, 1958ರಿಂದ 1989ರವರೆಗೆ ಮೂವತ್ತೆರಡು ಮಳೆಗಾಲಗಳ ಲೆಕ್ಕವನ್ನು ದಿನ ತಪ್ಪದೆ ಬರೆದಿಟ್ಟರು. ಮೊದಮೊದಲು ಇಂಚಿನಲ್ಲಿ, ಆಮೇಲೆ ಮಿಲಿಮೀಟರಿನಲ್ಲಿ. ಮಳೆಯಿಲ್ಲದ ದಿನ ಸೊನ್ನೆ. ನಾಲ್ಕು ಹನಿ ಉದುರಿ ಪಾತ್ರೆಯ ತಳ ಒದ್ದೆಯಾಗಿದ್ದರೆ ಮಾತ್ರ ಅವರು ಸೊನ್ನೆ ಬರೆಯುತ್ತಿರಲಿಲ್ಲ. "ಹನಿ ಬಿದ್ದಿದೆ, ಅಳತೆಗೆ ಸಿಕ್ಕಿಲ್ಲ" ಎಂದು ಬರೆಯುತ್ತಿದ್ದರು. ನಮಗೆ ಅದೊಂದು ತಮಾಷೆ. "ನೀವು ಅಳೆಯದಿದ್ರೆ ಮಳೆ ಬರಲ್ವಾ ಅಪ್ಪಯ್ಯ?" ಎಂದು ನಾನೇ ಛೇಡಿಸಿದ್ದುಂಟು. "ಬರತ್ತೆ ಮಾರಾಯ. ಬಂದ ಲೆಕ್ಕ ಯಾರಿಗಾದ್ರೂ ಬೇಕಾದೀತು," ಎನ್ನುತ್ತಿದ್ದರು.

ಊರ ಮನೆಯನ್ನು ಮಾರಿದಾಗ ಆ ಪುಸ್ತಕಗಳು ಮೈಸೂರಿಗೆ ನಮ್ಮೊಡನೆ ಬಂದವು. ನಿವೃತ್ತನಿಗೆ ಹೊತ್ತು ಹೋಗಬೇಕಲ್ಲ! ಒಂದು ವರ್ಷ ನನ್ನಾಕೆ ಅಂಕಿಗಳನ್ನು ಓದಿದಳು, ನಾನು ಟೈಪು ಮಾಡಿದೆ. ಅಕ್ಕನ ಮಗ ಬೆಂಗಳೂರಿನಿಂದ ಬಂದು ಅದನ್ನೆಲ್ಲ ಒಂದು ಜಾಲತಾಣಕ್ಕೆ ಏರಿಸಿಕೊಟ್ಟ. ಹೊರಡುವಾಗ ಬಾಗಿಲಲ್ಲಿ ನಿಂತು, "ತಾಣ ಮಾಡಿದ್ರೆ ಆಗ್ಲಿಲ್ಲ ಮಾವ, ಬೇರೆ ತಾಣದೋರು ನಮಗೆ ಕೊಂಡಿ ಕೊಡಬೇಕು," ಎಂದು ನನ್ನ ನೆಮ್ಮದಿಗೆ ಕೊಳ್ಳಿಯಿಟ್ಟು ಹೋದ.

ಕೊಂಡಿಯ ಮಹಿಮೆ ಸಾಮಾನ್ಯವಾದುದಲ್ಲ. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ಪ್ರಬಂಧ ಬರೆದರು. ಅದೇ ವರ್ಷ ಗೂಗಲ್ ಕಂಪನಿಯನ್ನೂ ಕಟ್ಟಿದರು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಬಗೆಯ ಸಾಕ್ಷಿ. ಸಾಕ್ಷಿ ಹೇಳುವವನು ಎಷ್ಟು ದೊಡ್ಡ ಮನುಷ್ಯನೋ ಸಾಕ್ಷಿಗೂ ಅಷ್ಟು ತೂಕ, ಎಂಬುದು ಅವರ ತತ್ತ್ವದ ಸಾರಾಂಶ. ಬೇರು ಇನ್ನೂ ಹಳೆಯದು. ಯಾವ ವಿಜ್ಞಾನಿಯ ಲೇಖನವನ್ನು ಮತ್ತೆ ಯಾರು ಯಾರು ಉಲ್ಲೇಖಿಸಿದರೆಂಬ ಸೂಚಿಯನ್ನು ಯೂಜೀನ್ ಗಾರ್‌ಫೀಲ್ಡ್ ಎಂಬಾತ 1960ರ ದಶಕದಲ್ಲಿಯೇ ಪ್ರಕಟಿಸತೊಡಗಿದ್ದ. ಈಗಿನ ಹುಡುಕು ಯಂತ್ರಗಳು ಕೊಂಡಿಯ ಜೊತೆಗೆ ಇನ್ನೂ ಎಷ್ಟನ್ನೋ ನೋಡುತ್ತವೆ, ನಿಜ. ಆದರೂ ಕೊಂಡಿಯ ಮರ್ಯಾದೆ ಪೂರ್ತಿ ಹೋಗಿಲ್ಲ.

ತಾಣ ನಮ್ಮದೇ ಎಂದು ಋಜುವಾತು ಮಾಡಿಕೊಟ್ಟರೆ, ಯಾರು ಯಾರು ಕೊಂಡಿ ಕೊಟ್ಟಿದ್ದಾರೆಂಬ ಪಟ್ಟಿಯನ್ನು ಹುಡುಕು ಯಂತ್ರದವರು ನಮಗೆ ತೋರಿಸುತ್ತಾರೆ. ನನಗೆ ತೋರಿಸಿದ್ದನ್ನು ಆಗಲೇ ಹೇಳಿದೆನಲ್ಲ.

ಒಂದು ಮುಂಜಾನೆ ಸೊನ್ನೆ ಹೋಗಿ ಹದಿನೇಳು ಬಂದಿತ್ತು! ನಾನು ಪಾಯಸಕ್ಕೆ ಆಜ್ಞೆ ಮಾಡಿದೆ. ಶ್ಯಾವಿಗೆ ಹುರಿಯುತ್ತಿದ್ದ ಹಾಗೆ ಒಂದೊಂದೇ ಕೊಂಡಿಯನ್ನು ತೆರೆದು ನೋಡಿದೆ. ಮೊದಲನೆಯದು ಜೂಜುಕಟ್ಟೆ. ಎರಡನೆಯವನು ಬೊಕ್ಕತಲೆಗೆ ಔಷಧಿ ಮಾರುವವನು. ಉಳಿದವು ಲೋಕದ ತಾಣಗಳ ಹೆಸರನ್ನೆಲ್ಲ ಸುಮ್ಮನೆ ಒಂದೆಡೆ ಸುರಿದುಕೊಂಡ ಪುಟಗಳು. ಅಕ್ಕನ ಮಗನಿಗೆ ಫೋನು ಮಾಡಿದರೆ, "ಹೊಸ ತಾಣಕ್ಕೆ ಮೊದಲು ಮುತ್ತೋದು ಇಂಥವೇ ಮಾವ. ಯಂತ್ರ ಅವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ, ಬಿಡಿ," ಎಂದು ನಕ್ಕ. ಪಾಯಸವನ್ನಂತೂ ಕುಡಿದೆವು.

ಅದಾದ ಮೂರು ವಾರಕ್ಕೆ ಒಂದು ಇ-ಮೇಲ್ ಬಂತು. ಬರೆದವರು ಕೊಪ್ಪದ ಕಡೆ ಅಡಕೆ ತೋಟ ಮಾಡಿಕೊಂಡಿರುವ ಒಬ್ಬ ಹೆಣ್ಣುಮಗಳು. ಆಕೆಯ ಅಜ್ಜ ಯಾವ ವರ್ಷ ಕೊಳೆರೋಗ ಬಂತು, ಎಂದು ಬೋರ್ಡೋ ದ್ರಾವಣ ಹೊಡೆಸಿದೆ ಎಂದೆಲ್ಲ ಬರೆದಿಟ್ಟಿದ್ದರಂತೆ. ಈಕೆ ಅದನ್ನು ನಮ್ಮ ತಂದೆಯ ಮಳೆಲೆಕ್ಕದ ಪಕ್ಕದಲ್ಲಿಟ್ಟು ವರ್ಷವರ್ಷವೂ ಹೋಲಿಸುತ್ತಿದ್ದಾರೆ. "ನಮ್ಮ ಪುಟದಲ್ಲಿ ನಿಮ್ಮ ತಾಣಕ್ಕೆ ಕೊಂಡಿ ಕೊಟ್ಟು ಎರಡು ತಿಂಗಳಾಯಿತು ಸಾರ್," ಎಂದು ಬರೆದಿದ್ದರು.

ಎರಡು ತಿಂಗಳು! ಅಂದರೆ ನಾನು ಸೊನ್ನೆಯನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದ ದಿನಗಳಲ್ಲಿಯೇ ಆ ಕೊಂಡಿ ಅಲ್ಲಿತ್ತು. ವರದಿಯನ್ನು ತೆಗೆದು ನೋಡಿದೆ: ಜೂಜುಕಟ್ಟೆಯವನಿದ್ದಾನೆ, ಈಕೆಯಿಲ್ಲ.

ಇದರ ಮರ್ಮವನ್ನು ಅಕ್ಕನ ಮಗ ಬಿಡಿಸಿ ಹೇಳಿದ. ಯಂತ್ರ ಮೊದಲು ಆಕೆಯ ಪುಟದವರೆಗೆ ಹೋಗಬೇಕು, ಓದಬೇಕು, ಕಡತಕ್ಕೆ ಸೇರಿಸಿಕೊಳ್ಳಬೇಕು. ಹೆಚ್ಚು ಜನ ಸುಳಿಯದ, ಅಪರೂಪಕ್ಕೆ ಬದಲಾಗುವ ಪುಟದ ಕಡೆಗೆ ಅದು ಹಾಯುವುದೂ ಅಪರೂಪ. ಸೇರಿಸಿಕೊಂಡ ಮೇಲೂ ಕಂಡದ್ದನ್ನೆಲ್ಲ ತೋರಿಸಬೇಕೆಂದಿಲ್ಲ. ಗೂಗಲ್ಲಿನ ಸರ್ಚ್ ಕನ್ಸೋಲ್ ಕೊಡುವ ಕೊಂಡಿಗಳ ಪಟ್ಟಿ ಸಮಗ್ರವಲ್ಲ, ಮಾದರಿ ಮಾತ್ರ; ಅದರ ಕೋಷ್ಟಕಕ್ಕೆ ಸಾವಿರ ಸಾಲಿನ ಮಿತಿಯೂ ಇದೆ. ಹಿಂದೆ ಯಾರು ಬೇಕಾದರೂ ಹುಡುಕುವ ಪೆಟ್ಟಿಗೆಯಲ್ಲಿ 'ಲಿಂಕ್' ಎಂದು ಬರೆದು ವಿಳಾಸ ಕೊಟ್ಟು ಕೇಳಬಹುದಾಗಿತ್ತು. ಆಗಲೂ ಸಿಗುತ್ತಿದ್ದುದು ತುಣುಕೇ. 2017ರಲ್ಲಿ ಗೂಗಲ್ ಅದನ್ನೂ ಕೈಬಿಟ್ಟಿತು. ಏಹ್ರೆಫ್ಸ್, ಮೆಜೆಸ್ಟಿಕ್ ಮೊದಲಾದವರು ತಮ್ಮದೇ ಯಂತ್ರಗಳನ್ನು ಸುತ್ತಲು ಬಿಟ್ಟು ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ.

ಮದುವೆಮನೆಯಲ್ಲಿ ಮುಯ್ಯಿ ಬರೆಯಲು ಕೂರುವವನನ್ನು ನೀವು ನೋಡಿರಬೇಕು. ಅವನ ಪುಸ್ತಕದಿಂದ ಮದುವೆಗೆ ಬಂದವರ ಲೆಕ್ಕ ಸಿಗುತ್ತದೆಯೇ? ಉಡುಗೊರೆಯನ್ನು ಹುಡುಗಿಯ ಕೈಗೇ ಕೊಟ್ಟು ಹೋದ ಸೋದರತ್ತೆ ಅದರಲ್ಲಿರುವುದಿಲ್ಲ.

ಆ ಇ-ಮೇಲಿನ ಕೊನೆಯಲ್ಲಿ ಇನ್ನೊಂದು ಮಾತಿತ್ತು. 1974ರ ಜುಲೈ ತಿಂಗಳ ಒಂದು ದಿನಕ್ಕೆ ತಾಣದಲ್ಲಿ 18.6 ಮಿಲಿಮೀಟರ್ ಎಂದಿದೆ. ಹಿಂದು ಮುಂದಿನ ದಿನಗಳಲ್ಲಿ ನೂರರ ಮೇಲಿದೆ. ಒಮ್ಮೆ ಮೂಲ ಪುಸ್ತಕ ನೋಡುತ್ತೀರಾ? ಪುಸ್ತಕ ತೆಗೆದೆ. ತಂದೆಯವರು ಸ್ಪಷ್ಟವಾಗಿ 186 ಎಂದೇ ಬರೆದಿದ್ದರು. ಚುಕ್ಕೆ ನನ್ನ ಬೆರಳಿನದು. ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: "ಮೈಸೂರಿನಿಂದ ಕಾಗದ ಬಂದಿಲ್ಲ."

ನಾನು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಮರುವರ್ಷ ಅದು. ತಂದೆ ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದರು. ಅರ್ಧ ಕಾರ್ಡಿನ ತುಂಬ ಮಳೆಯ ಲೆಕ್ಕವೇ ಇರುತ್ತಿತ್ತು. ಉತ್ತರ ಬರೆಯುವಂಥದು ಅದರಲ್ಲೇನಿದೆ ಎಂದು ನಾನು ಸುಮ್ಮನಿರುತ್ತಿದ್ದೆ. ಪುಟಗಳನ್ನು ತಿರುವಿದೆ. ಆ ಸಾಲು ಅಲ್ಲೊಂದೇ ಕಡೆ ಇರಲಿಲ್ಲ.

"ಇದನ್ನ ನೀನು ಓದಲೇ ಇಲ್ವಲ್ಲ?" ಎಂದು ಕೇಳಿದೆ.

"ನೀವು ಅಂಕಿ ಮಾತ್ರ ಓದು ಅಂದಿದ್ರಿ," ಎಂದಳು ನನ್ನಾಕೆ. ಸ್ವಲ್ಪ ತಡೆದು, "ಓದೋಕೆ ಮನಸ್ಸು ಬರಲಿಲ್ಲ," ಎಂದಳು.

ಅಂದೇ ತಪ್ಪನ್ನು ತಿದ್ದಿ ಕೊಪ್ಪಕ್ಕೆ ಉತ್ತರ ಬರೆದೆ. ಬರೆಯುತ್ತಿರುವಾಗ ಹೊಳೆಯಿತು: ಯಾರು ನನ್ನ ಕಡೆ ಕೈ ತೋರಿಸಿದರೆಂದು ದಿನವೂ ಹುಡುಕಿದ ನಾನು ಯಾರ ಕಡೆಗೂ ಕೈ ತೋರಿಸಿರಲಿಲ್ಲ. ಆಕೆಯ ಅಜ್ಜನ ಟಿಪ್ಪಣಿಗಳಿಗೆ ನಮ್ಮ ತಾಣದಿಂದ ಒಂದು ಕೊಂಡಿ ಹಾಕಿಸಿದೆ. "ಲೆಕ್ಕ ಏರಿಸೋದಕ್ಕೆ ಅಂತ ಕೊಂಡಿಗೆ ಕೊಂಡಿ ಬದಲಾಯಿಸಿಕೊಂಡ್ರೆ ಯಂತ್ರಕ್ಕೆ ಸೇರಲ್ಲ ಮಾವ," ಎಂದು ಅಕ್ಕನ ಮಗ ಎಚ್ಚರಿಸಿದ. "ಲೆಕ್ಕಕ್ಕಲ್ಲ ಕಣೋ, ಕಾಗದಕ್ಕೆ ಉತ್ತರ," ಎಂದೆ.

ಈ ಹೊತ್ತಿಗೂ ವರದಿಯಲ್ಲಿ ಆಕೆಯ ಹೆಸರು ಬಂದಿಲ್ಲ. ನಾನು ಎಂಟೂವರೆಗೆ ನೋಡುವುದನ್ನೇನೂ ಬಿಟ್ಟಿಲ್ಲ. ಅದು ವಂಶದ ಚಟ. ತಂದೆಯವರ ಕೊನೆಯ ಪುಸ್ತಕದಲ್ಲಿ ಕೆಲವು ಖಾಲಿ ಹಾಳೆಗಳು ಉಳಿದಿದ್ದವು. ಅದರಲ್ಲಿ ತಾರೀಖು ಹಾಕಿ ಅವರ ಮಾತನ್ನೇ ಬರೆದಿಡುತ್ತಿದ್ದೇನೆ: ಹನಿ ಬಿದ್ದಿದೆ, ಅಳತೆಗೆ ಸಿಕ್ಕಿಲ್ಲ.